ಶನಿವಾರ ಹನ್ನೊಂದರಿಂದ ಹನ್ನೆರಡು

ಪುಟ್ಟಿ ಅಲ್ಲಿ ಹೇಳಿದ ಮೊದಲ ಸುಳ್ಳು ಎಷ್ಟು ಚೆನ್ನಾಗಿತ್ತೆಂದರೆ, ಕೇಳಿದವರಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಮೂರನೆಯವನು ಒರೆಸಿಕೊಳ್ಳಲಿಲ್ಲ. ಅವಳನ್ನೇ ನೋಡುತ್ತಾ ಕುಳಿತ.

ಲೈಬ್ರರಿಯ ಮಹಡಿ ಮೇಲಿನ ಕೋಣೆ. ದುಂಡಗೆ ಹಾಕಿದ ಎಂಟು ಕುರ್ಚಿ, ಮೂಲೆಯಲ್ಲಿ ಟೀ ಫ್ಲಾಸ್ಕು. ಮರೆವಿನ ಕಾಯಿಲೆಯವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವರು ಶನಿವಾರ ಹನ್ನೊಂದರಿಂದ ಹನ್ನೆರಡರವರೆಗೆ ಅಲ್ಲಿ ಸೇರುತ್ತಿದ್ದರು. ನಡೆಸುತ್ತಿದ್ದವರು ರಿಟೈರಾದ ನರ್ಸೊಬ್ಬರು. ಎಲ್ಲರ ಬಾಯಲ್ಲೂ ಅವರು ಸಿಸ್ಟರ್. ಅವರದು ಒಂದೇ ನಿಯಮ: ಅಳು, ಗೋಳು, ಬೈಗುಳ ಏನಿದ್ದರೂ ಆಮೇಲೆ. ಮೊದಲು ಪ್ರತಿಯೊಬ್ಬರೂ ಆ ವಾರದ ಒಂದು ಥ್ಯಾಂಕ್ಸ್ ಹೇಳಬೇಕು.

"ನನ್ನ ಹೆಂಡ್ತಿ ಬುಧವಾರ ಬೆಳಗಿನವರೆಗೂ ನಿದ್ದೆ ಮಾಡಿದ್ಲು," ಎಂದರು ಬ್ಯಾಂಕ್ ಅಂಕಲ್. "ಅದಕ್ಕೆ ಥ್ಯಾಂಕ್ಸ್."

"ನಮ್ಮತ್ತೆ ನನ್ನ ಹೆಸರು ಹಿಡಿದು ಕರೆದ್ರು," ಎಂದಳು ಇಬ್ಬರು ಓರಗಿತ್ತಿಯರಲ್ಲಿ ಹಿರಿಯವಳು.

"ಬೈಯೋಕೆ ಕರೆದಿದ್ದು," ಎಂದಳು ಕಿರಿಯವಳು. ಎಲ್ಲರೂ ನಕ್ಕರು.

ಆಮೇಲೆ ಸರದಿ ಪುಟ್ಟಿಯದು. ಅಂದೇ ಮೊದಲ ದಿನ. ವಯಸ್ಸು ನಲವತ್ಮೂರು, ಕಸುಬು ಬಟ್ಟೆ ಆಲ್ಟರೇಷನ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಅಮ್ಮ ಹೋದಾಗ ಅವಳಿಗೆ ಆರು ವರ್ಷ, ಅಕ್ಕನಿಗೆ ಇಪ್ಪತ್ತೆಂಟು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಅಕ್ಕ, ಬಂದ ಸಂಬಂಧಗಳನ್ನೆಲ್ಲ "ರಾಂಗ್ ನಂಬರ್" ಎಂದು ನಗುತ್ತಲೇ ವಾಪಸ್ಸು ಕಳಿಸಿ, ತಂಗಿಯನ್ನು ಸಾಕಿದ್ದಳು. ಪುಟ್ಟಿ ಅನ್ನೋ ಹೆಸರಿಟ್ಟವಳೂ ಅವಳೇ. ಈಗ ಅವಳಿಗೇ ಆ ಹೆಸರು ನೆನಪಿಲ್ಲ.

ಪುಟ್ಟಿ ಬಾಯಿ ತೆರೆದಳು. ತಲೆಯೊಳಗೆ ಒಂದೇ ಚಿತ್ರವಿತ್ತು: ಮಂಗಳವಾರ ಅಕ್ಕ ಸೂಪನ್ನು ಅವಳ ಮುಖಕ್ಕೇ ಉಗಿದದ್ದು, ಅವಳು ಅಕ್ಕನ ಮಣಿಕಟ್ಟನ್ನು ಹಿಡಿದದ್ದು, ಬಿಟ್ಟಾಗ ಅಲ್ಲಿ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿದ್ದು. ಆ ರಾತ್ರಿಯೇ ಅಕ್ಕನಿಗೆ ಉದ್ದ ತೋಳಿನ ಗೌನು ಹೊಲಿದಿದ್ದಳು.

"ಮೊನ್ನೆ ನಾನು ಮಷಿನ್ ಮುಂದೆ ಕೂತಿದ್ದೆ," ಎಂದಳು. "ಅಕ್ಕ ಹಿಂದಿನಿಂದ ಬಂದು ನನ್ನ ಜಡೆ ಬಿಚ್ಚಿ, ಸಿಕ್ಕು ಬಿಡಿಸಿ, ಮತ್ತೆ ಹೆಣೆದ್ಲು. ಸ್ಕೂಲಿಗೆ ಕಳಿಸೋವಾಗ ಹೆಣೀತಿದ್ಲಲ್ಲ, ಹಾಗೇ. ನಾನು ಯಾರು ಅಂತ ಅವಳಿಗೆ ಗೊತ್ತಿಲ್ಲ. ಆದ್ರೆ ಅವಳ ಬೆರಳಿಗೆ ಗೊತ್ತಿತ್ತು. ಅದಕ್ಕೆ ಥ್ಯಾಂಕ್ಸ್."

ಹಿರಿಯ ಓರಗಿತ್ತಿ ಕಣ್ಣು, ಮೂಗು ಒರೆಸಿಕೊಂಡಳು. ಬ್ಯಾಂಕ್ ಅಂಕಲ್ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಪುಟ್ಟಿಯ ಪಕ್ಕದಲ್ಲಿ ಕೂತಿದ್ದವನು ಮುಂದೆ ಮಾತಾಡಬೇಕಿತ್ತು. ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು, ಅವಳಿಗಿಂತ ಮೂರ್ನಾಲ್ಕು ವರ್ಷ ದೊಡ್ಡವನಿರಬಹುದು, ಕಿವಿಯ ಹತ್ತಿರ ನರೆ. ಕೈಯಲ್ಲಿ ನಾಲ್ಕು ಮಡಿಕೆಯಾದ ಕಾಗದವೊಂದಿತ್ತು. ಅದನ್ನು ಬಿಡಿಸಿದವನು ಮತ್ತೆ ಮಡಚಿ ಜೇಬಿಗಿಟ್ಟುಕೊಂಡ.

"ನಂದೇನಿಲ್ಲ," ಎಂದ. "ಅಪ್ಪ... ಹಾಗೇ ಇದ್ದಾರೆ. ಮುಂದಿನ ವಾರ ಹೇಳ್ತೀನಿ."

ಸಿಸ್ಟರ್ ಅವನನ್ನು ಒಂದು ಗಳಿಗೆ ನೋಡಿ, ತಲೆಯಾಡಿಸಿ, ಮುಂದಿನವರ ಕಡೆ ತಿರುಗಿದರು.

ಹನ್ನೆರಡಕ್ಕೆ ಐದು ನಿಮಿಷವಿರುವಾಗಲೇ ಪುಟ್ಟಿ ಎದ್ದಳು. ಮೆಟ್ಟಿಲಲ್ಲಿ ಅವನು ಹಿಂದೆಯೇ ಬಂದ.

"ರೀ, ಟೈಲರಮ್ಮ. ಮುಂದಿನ ವಾರ ಬರ್ತೀರಲ್ವಾ?"

"ನೋಡೋಣ."

"ಬನ್ನಿ. ನೀವು ಹೇಳಿದ್ದು... ನಂಗೆ ತುಂಬಾ ಬೇಕಿತ್ತು."

ಅವನ ಕಣ್ಣಲ್ಲಿ ಅಂಥ ನಂಬಿಕೆ. ಪುಟ್ಟಿಗೆ ಯಾರೋ ಬೆನ್ನಿಗೆ ಬರೆ ಇಟ್ಟಂತಾಯಿತು. ತಲೆ ತಗ್ಗಿಸಿಕೊಂಡು ಮನೆಯ ಕಡೆ ಓಡಿದಳು. ಓಡಲು ಬೇರೆ ಕಾರಣವೂ ಇತ್ತು. ಮುಷ್ಟಿಯಲ್ಲಿ ಬೀಗದ ಕೈ ಇತ್ತು, ಬೀಗದ ಒಳಗೆ ಅಕ್ಕ ಇದ್ದಳು.

ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆಂದು ಎಲ್ಲರಿಗೂ ಹೇಳಿದ್ದಳು. ಅವರು ಒಪ್ಪಿದ್ದೂ ಹೌದು. ಎರಡನೇ ದಿನವೇ ಅಕ್ಕ ಅವರ ಮೇಲೆ ಲೋಟ ಬೀಸಿದಳು. ಆಮೇಲೆ ಅವರು ಎದುರಿಗೆ ಸಿಕ್ಕರೂ ಚಪ್ಪಲಿ ನೋಡಿಕೊಂಡು ಹೋಗುವವರಾದರು. ಒಂದೇ ಗಂಟೆ ತಾನೇ ಎಂದುಕೊಂಡು ಪುಟ್ಟಿ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದಳು. ವಾರಕ್ಕೊಂದು ಗಂಟೆ ಉಸಿರಾಡದಿದ್ದರೆ ತಾನೇ ಏನಾದರೂ ಮಾಡಿಬಿಟ್ಟೇನು ಎಂಬ ಭಯ ಅವಳಿಗೆ.

ಮುಂದಿನ ವಾರವೂ ಹೋದಳು. ಅದರ ಮುಂದಿನ ವಾರವೂ.

ಬುಧವಾರ ಬಂತೆಂದರೆ ಶನಿವಾರದ ಸುಳ್ಳಿಗೆ ಬಟ್ಟೆ ಕತ್ತರಿಸಲು ಕೂರುವಳು. ಅಕ್ಕ ಕಿಟಕಿಯ ಹಕ್ಕಿಗೆ ಬ್ರೆಡ್ಡು ಹಾಕಿದ್ದು, ಅಕ್ಕ ತನ್ನ ಹಾಸಿಗೆಯಲ್ಲಿ ಜಾಗ ಬಿಟ್ಟುಕೊಟ್ಟು "ಮಲಕ್ಕೋ" ಅಂದದ್ದು. ಹೊಲಿಗೆ ಕಾಣದ ಹಾಗೆ ಹೊಲಿಯುವುದು ಅವಳ ಕಸುಬೇ ಅಲ್ಲವೇ. ಅವಳು ಮಾತಾಡುವಾಗ ಕನ್ನಡಕದವನು ಮಂಡಿಯ ಮೇಲೆ ಮೊಣಕೈ ಊರಿ, ಮುಂದಕ್ಕೆ ಬಾಗಿ ಕೇಳುತ್ತಿದ್ದ. ಆ ಬಾಗುವಿಕೆಯನ್ನು ನೋಡಲೆಂದೇ ತಾನು ಸುಳ್ಳು ಹೇಳುತ್ತಿದ್ದೇನೆಂದು ಒಂದು ದಿನ ಅವಳಿಗೆ ಹೊಳೆಯಿತು. ಆ ದಿನ ಅವನ ಮುಖ ಎತ್ತಿ ನೋಡಲಾಗಲಿಲ್ಲ.

ಅವನೂ ಹೇಳುತ್ತಿದ್ದ. ಅವನಪ್ಪ ಮೂವತ್ತು ವರ್ಷ ಬಸ್ ಓಡಿಸಿದವರು. ಊಟದ ಮೇಜಿನ ಮುಂದೆ ಕೂತು ತಟ್ಟೆಯನ್ನೇ ಸ್ಟಿಯರಿಂಗ್ ಮಾಡಿಕೊಳ್ಳುವರು. "ನಾನು ಹಿಂದಿನ ಕುರ್ಚೀಲಿ ಕೂತು, ಸಾರ್, ಇಲ್ಲೇ ಇಳೀತೀನಿ ಅಂತೀನಿ. ಸ್ಟಾಪಿಲ್ಲದ ಕಡೆ ನಿಲ್ಸಲ್ಲ ಅಂತಾರೆ. ಸ್ವಂತ ಮಗನಿಗೂ ನಿಲ್ಸಲ್ಲ!" ಎಲ್ಲರೂ ನಗುವಾಗ ಅವನು ಅವಳೊಬ್ಬಳ ಕಡೆ ನೋಡುತ್ತಿದ್ದ, ಅವಳು ನಕ್ಕಳೋ ಇಲ್ಲವೋ ಎಂದು.

ಒಂದು ಶನಿವಾರ ಮೆಟ್ಟಿಲಲ್ಲಿ ಅವನು ಅಡ್ಡ ನಿಂತ. "ನಿಮ್ಮ ಕನ್ನಡಕ ಒಂದು ಕಡೆಗೆ ವಾಲಿದೆ."

"ಪರವಾಗಿಲ್ಲ. ಲೋಕಾನೇ ಒಂದು ಕಡೆಗೆ ವಾಲಿದೆ."

"ಲೋಕ ನನ್ನ ಅಂಗಡಿಗೆ ಬರಲ್ಲ. ಕೊಡಿ ಇಲ್ಲಿ."

ಜೇಬಿನಿಂದ ಬೆಂಕಿಕಡ್ಡಿಯಷ್ಟು ಗಾತ್ರದ ಸ್ಕ್ರೂಡ್ರೈವರ್ ತೆಗೆದ. ಅವನು ತಿರುಪು ಬಿಗಿಮಾಡುವಷ್ಟು ಹೊತ್ತೂ ಪುಟ್ಟಿ ಅವನನ್ನು ದಿಟ್ಟಿಸಿ ನೋಡಿದಳು. ಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲು. ಕೆಳತುಟಿ ಕಚ್ಚಿಕೊಳ್ಳುವ ಅಭ್ಯಾಸ.

"ಏನು ನೋಡ್ತಿದೀರಿ?" ತಲೆಯೆತ್ತದೆ ಕೇಳಿದ.

"ನಾನಾ? ಕನ್ನಡಕ ಇಲ್ದಿದ್ರೆ ನಂಗೆ ಏನೂ ಕಾಣಲ್ಲ."

"ಮೈನಸ್ ಎರಡೂವರೆ." ಗಾಜನ್ನು ಬೆಳಕಿಗೆ ಹಿಡಿದು ನಕ್ಕ. "ದೂರದ್ದು ಕಾಣಲ್ಲ, ನಿಜ. ಇಷ್ಟು ಹತ್ತಿರದ್ದು ನನಗಿಂತ ಚೆನ್ನಾಗಿ ಕಾಣುತ್ತೆ."

ಪುಟ್ಟಿಯ ಕಿವಿ ಕೆಂಪಾಯಿತು. ಅವನು ಕನ್ನಡಕವನ್ನು ತಾನೇ ಅವಳ ಕಿವಿಗೆ ಸಿಕ್ಕಿಸಿದ. ಬೆರಳು ತಗುಲಿತು, ತಗುಲಲಿಲ್ಲ. "ಒಂದು ಟೀ ಕುಡಿದು ಹೋಗಿ."

"ಅಕ್ಕ ಕಾಯ್ತಿರ್ತಾಳೆ."

"ಒಂದು ನಿಮಿಷಾನೂ ಅವರನ್ನ ಬಿಟ್ಟಿರಲ್ಲ ನೀವು," ಎಂದ. ಹೊಗಳಿಕೆ. ನೆಲ ಬಾಯಿಬಿಟ್ಟರೆ ಅಲ್ಲೇ ಇಳಿದುಬಿಡುತ್ತಿದ್ದಳು.

ಹೀಗೆ ಏಳು ತಿಂಗಳು ಕಳೆಯಿತು.

ಆ ಶನಿವಾರ ಅವಳ ಕನ್ನಡಕದ ಮೂಗಿನ ಗುಂಡಿ ಕಳಚಿತ್ತು. ಹೊಸದು ಹಾಕಿಕೊಡುತ್ತೇನೆಂದು ಅವನು ತೆಗೆದುಕೊಂಡ. ಮಾತು ಬೆಳೆಯಿತು. ಗೋಡೆ ಗಡಿಯಾರದ ಹತ್ತಿರ ಹೋಗಿ ನೋಡಿದರೆ ಹನ್ನೆರಡೂ ಹತ್ತು. ಪುಟ್ಟಿ ಕನ್ನಡಕವನ್ನೂ ಮರೆತು ಓಡಿದಳು. ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಅಕ್ಕನ ಡೈಪರ್ ತಗೊಳ್ಳಬೇಕಿತ್ತು, ಅಲ್ಲಿ ಸಾಲು ನಿಂತಿತ್ತು. ಮನೆಯ ಬೀದಿಗೆ ತಿರುಗುವಾಗ ಹನ್ನೆರಡೂವರೆ ದಾಟಿತ್ತು.

ಕನ್ನಡಕವಿಲ್ಲದ ಕಣ್ಣಿಗೆ ಮೊದಲು ಕಂಡದ್ದು ತನ್ನ ಮನೆ ಮೆಟ್ಟಿಲ ಮೇಲೆ ಕೂತಿದ್ದ ಒಂದು ಆಕಾರ. ಹತ್ತಿರ ಬಂದಂತೆ ಅದು ಅವನಾಯಿತು. ಮರೆತ ಕನ್ನಡಕ ಕೊಡಲೆಂದು ಟೈಲರ್ ಅಂಗಡಿ ವಿಚಾರಿಸಿಕೊಂಡು ಬಂದವನು ಬಾಗಿಲಿಗೆ ಕಿವಿಗೊಟ್ಟು ಮಾತಾಡುತ್ತಿದ್ದ.

"ಹಲೋ, ಹಲೋ," ಒಳಗಿನಿಂದ ಅಕ್ಕನ ಒಡೆದ ದನಿ. ಜೊತೆಗೆ ದಬದಬ ಬಡಿತ. "ಯಾರಾದ್ರೂ ಇದೀರಾ ಲೈನಲ್ಲಿ?"

"ಇದೀನಿ ಮೇಡಂ," ಎಂದ ಅವನು. "ಲೈನಲ್ಲೇ ಇದೀನಿ. ಟ್ರಂಕ್ ಕಾಲ್ ಬುಕ್ ಮಾಡ್ಬೇಕಿತ್ತು."

"ಯಾವ ಊರಿಗೆ?"

"ಬಡಿಯೋದು ನಿಲ್ಸಿ ಮೇಡಂ, ಹೇಳ್ತೀನಿ. ಗದ್ದಲದಲ್ಲಿ ಕೇಳಿಸ್ತಿಲ್ಲ."

ಬಡಿತ ನಿಂತಿತು. ಅವನು ತಿರುಗಿ ನೋಡಿದ. ಅವನ ತಲೆಯ ಮೇಲೆ, ಬಾಗಿಲ ಕೊಂಡಿಯಲ್ಲಿ, ಅಂಗೈಯಗಲದ ಬೀಗ ತೂಗುತ್ತಿತ್ತು.

ಪುಟ್ಟಿ ಏನಾದರೂ ಹೇಳಬೇಕಿತ್ತು. ಏಳು ತಿಂಗಳು ಅಷ್ಟು ಚೆನ್ನಾಗಿ ಬಂದ ಸುಳ್ಳು ಈಗ ಒಂದೂ ಬರಲಿಲ್ಲ. ಬೀಗದ ಕೈ ತೂತಿಗೆ ಕೂರಲು ಮೂರು ಸಲ ಬೇಕಾಯಿತು. ಬಾಗಿಲು ತೆರೆದರೆ ಅಕ್ಕ ಒದ್ದೆ ಗೌನಿನಲ್ಲಿ ನಿಂತಿದ್ದಳು. ಅಂಗೈ ಕೆಂಪಗೆ ಊದಿತ್ತು, ಕೆನ್ನೆಯ ಮೇಲೆ ಕಣ್ಣೀರು ಒಣಗಿತ್ತು. ಅವನು ಅದೆಲ್ಲವನ್ನೂ ನೋಡಿದ. ಪುಟ್ಟಿ ಅವನು ನೋಡುವುದನ್ನು ನೋಡಿದಳು.

"ಹೋಗಿ," ಎಂದಳು.

"ನಾನೊಂದು ಮಾತು..."

"ದಯವಿಟ್ಟು ಹೋಗಿ!"

ಅವನು ಕನ್ನಡಕವನ್ನು ಹೊಲಿಗೆ ಮಷಿನಿನ ಮೇಲಿಟ್ಟು ಹೋದ. ಅಕ್ಕ ಅವನ ಬೆನ್ನಿಗೆ ಕೂಗಿದಳು: "ನಿಮ್ಮ ಕಾಲ್ ಕಟ್ಟಾಯ್ತು, ಸಾರ್. ಸಾರಿ."

ಮೂರು ಶನಿವಾರ ಪುಟ್ಟಿ ಲೈಬ್ರರಿಯ ಕಡೆ ತಲೆ ಹಾಕಲಿಲ್ಲ. ಅವನ ಫೋನ್ ಬಂದರೆ ತಿರುವಿ ಮಲಗಿಸಿಟ್ಟಳು. ಮಷಿನ್ ತುಳಿಯುವಾಗ, ಪಾತ್ರೆ ತೊಳೆಯುವಾಗ, ಅದೇ ಮೆಟ್ಟಿಲು, ಅದೇ ಬೀಗ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಗಿರಾಕಿಗಳು ಬಂದು, "ಅಕ್ಕನ್ನ ಎಷ್ಟು ಚೆನ್ನಾಗಿ ನೋಡ್ಕೊಳ್ತೀರಿ," ಎಂದರೆ ಬಾಯಲ್ಲಿದ್ದ ಗುಂಡುಸೂಜಿ ನುಂಗಿಕೊಂಡುಬಿಡೋಣ ಅನ್ನಿಸುತ್ತಿತ್ತು.

ಮೂರನೇ ವಾರ ಅಕ್ಕನಿಗೆ ಸ್ನಾನ ಮಾಡಿಸುವಾಗ ಸೋಪು ಕೈಜಾರಿ ಬಿತ್ತು. ಅಷ್ಟಕ್ಕೇ ಪುಟ್ಟಿಗೆ ಅಳು ಒತ್ತರಿಸಿಕೊಂಡು ಬಂತು. ಬಚ್ಚಲ ನೆಲದ ಮೇಲೆ ಕೂತು ಅತ್ತಳು. ಅಕ್ಕ ನೊರೆ ಮೆತ್ತಿದ ಕೈಯನ್ನು ಅವಳ ತಲೆಯ ಮೇಲಿಟ್ಟಳು.

"ಹೊಸಬಳಾ?" ಎಂದಳು. "ಅಳಬೇಡಮ್ಮ. ಮೊದಲನೇ ವಾರ ಎಲ್ಲರೂ ತಪ್ಪು ಲೈನಿಗೆ ಕನೆಕ್ಷನ್ ಕೊಡ್ತಾರೆ. ನಾನು ಸೂಪರ್‌ವೈಸರ್‌ಗೆ ಹೇಳಲ್ಲ."

ಮೂವತ್ತೇಳು ವರ್ಷ ಅವಳನ್ನು ಸಾಕಿದ ದನಿಯೇ ಅದು. ಕ್ಷಮೆಯೂ ಅದರದ್ದೇ. ಆದರೆ ಅದು ಯಾವಳೋ ಹೊಸ ಹುಡುಗಿಗೆ ಸಿಕ್ಕ ಕ್ಷಮೆ. ಮಣಿಕಟ್ಟು ಹಿಂಡಿದವಳಿಗೆ, ಬೀಗ ಹಾಕಿದವಳಿಗೆ ಸೇರಿದ್ದಲ್ಲ. ಅದನ್ನು ತೆಗೆದುಕೊಳ್ಳಲು ಪುಟ್ಟಿಗೆ ಕೈ ಬರಲಿಲ್ಲ. ತಪ್ಪು ಯಾರ ಮುಂದೆ ಒಪ್ಪಿಕೊಂಡರೆ ಅವರಿಗೆ ಅದು ನಾಳೆಯೂ ನೆನಪಿರಬೇಕು ಎನ್ನಿಸಿತು. ಅಂಥವನು ಒಬ್ಬನೇ ಇದ್ದ.

ಮರುದಿನ ಬೆಳಿಗ್ಗೆ ಅಕ್ಕನ ಕೈ ಹಿಡಿದುಕೊಂಡು ಅವನ ಅಂಗಡಿಗೆ ಹೋದಳು.

ಗಿರಾಕಿಗಳಿರಲಿಲ್ಲ. ಅವನು ಕೌಂಟರಿನ ಹಿಂದೆ ಲೆನ್ಸ್ ಒರೆಸುತ್ತಿದ್ದ. ಅವರನ್ನು ಕಂಡವನೇ ಎದ್ದು ನಿಂತ, ಬಟ್ಟೆ ಕೈಯಲ್ಲೇ ಉಳಿಯಿತು.

"ಅಕ್ಕನ ಕಣ್ಣು ಟೆಸ್ಟ್ ಮಾಡಿಸ್ಬೇಕಿತ್ತು," ಎಂದಳು ಪುಟ್ಟಿ. ಹೇಳಿದ ಮೇಲೆ, ಇದೂ ಒಂದು ಸುಳ್ಳೇ ಎಂದು ನಾಚಿಕೆಯಾಯಿತು.

ಅವನು ಅಕ್ಕನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದ. ಗೋಡೆಯ ಅಂಕಿಗಳನ್ನು ತೋರಿಸಿದ. "ಏಳು, ನಾಲ್ಕು, ಎರಡು, ಒಂಬತ್ತು," ಎಂದು ಅಕ್ಕ ಠೀವಿಯಿಂದ ಓದಿ, "ಎಂಗೇಜ್ ಇದೆ," ಎಂದಳು. ಕೆಳಗಿನ ಸಾಲು ಓದಿ, "ಇದು ರಿಂಗ್ ಆಗ್ತಿದೆ, ಯಾರೂ ಎತ್ತುತ್ತಿಲ್ಲ." ಅವನ ತುಟಿಯಂಚಿನಲ್ಲಿ ನಗು ಮೂಡಿತು. ಪುಟ್ಟಿಗೂ ನಗು ಬಂತು, ಅದರ ಬೆನ್ನಿಗೇ ಮಾತು ಬಂತು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ನಾನು ಪ್ರತಿ ಶನಿವಾರ ಬೀಗ ಹಾಕೇ ಬರ್ತಿದ್ದೆ. ಆವತ್ತೊಂದಿನ ಅಲ್ಲ."

"ಹ್ಞೂಂ."

"ಅಲ್ಲಿ ಹೇಳಿದ್ದೆಲ್ಲಾ ಸುಳ್ಳು. ಹಕ್ಕಿ ಸುಳ್ಳು, ಹಾಸಿಗೆ ಸುಳ್ಳು. ನಾನವಳ ಕೈ ಹಿಂಡಿದೀನಿ. ಕೂಗಾಡಿದೀನಿ. ಒಂದೊಂದ್ಸಲ ಇವಳು ಹೋಗಿಬಿಡ್ಲಿ ಅಂದ್ಕೋತೀನಿ. ಇವಳು! ನನ್ನ ಸಾಕಿದೋಳು."

ಅವನು ಲೆನ್ಸನ್ನು ಕೆಳಗಿಟ್ಟ. "ಆ ಜಡೆ?"

"ಅದೂ."

ಅವನ ಮುಖದಿಂದ ಏನೋ ಇಳಿದುಹೋಯಿತು. ಬೈಗುಳ ಬರುತ್ತದೆಂದು ಪುಟ್ಟಿ ಕಾದಳು. ಬಂದದ್ದು ಬೇರೆ. "ಅದು ನಿಜ ಅಂತ ಇದ್ದೆ," ಎಂದ, ಮೆಲ್ಲಗೆ. "ಅದನ್ನ ಕೇಳಿದ್ಮೇಲೆ, ನಮ್ಮಪ್ಪನ ಬೆರಳಿಗೂ ನಾನು ಗೊತ್ತಿದ್ದೆ ಅಂದ್ಕೊಂಡಿದ್ದೆ."

ಗೊತ್ತಿದ್ದೆ. ಆ ಪದ ಎಲ್ಲೋ ಎಡವಿತು. ಪುಟ್ಟಿ ಸುತ್ತ ನೋಡಿದಳು. ಬೆಳಗಿನ ಹತ್ತೂವರೆ, ಇವನಿಲ್ಲಿ, ಅಂಗಡಿಯಲ್ಲಿ ಒಬ್ಬನೇ.

"ನಿಮ್ಮ ತಂದೇನ ಈಗ ಯಾರು ನೋಡ್ಕೊಳ್ತಿದಾರೆ?"

ಅವನು ಲೆನ್ಸ್ ಒರೆಸುವ ಬಟ್ಟೆಯನ್ನು ನಾಲ್ಕಾಗಿ ಮಡಚಿಟ್ಟ.

"ಯಾರೂ ಇಲ್ಲ. ಅಪ್ಪ ತೀರಿಕೊಂಡು ಏಳು ತಿಂಗಳ ಮೇಲಾಯ್ತು."

ಬೀದಿಯಲ್ಲೊಂದು ಲಾರಿ ಹಾದುಹೋಯಿತು. ಕಪಾಟಿನ ಕನ್ನಡಕಗಳೆಲ್ಲ ಸಣ್ಣಗೆ ನಡುಗಿದವು.

"ನೀವು ಮೊದಲ ಸಲ ಬಂದ ಶನಿವಾರ ಇತ್ತಲ್ಲ," ಎಂದ. "ಆವತ್ತು ನಾನು ವಿಷಯ ಹೇಳಿ, ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಹೋಗ್ಬೇಕು ಅಂತ ಬಂದಿದ್ದೆ. ಕಾಗದದಲ್ಲಿ ಬರ್ಕೊಂಡೂ ಬಂದಿದ್ದೆ. ನೀವು ಜಡೆ ವಿಷಯ ಹೇಳಿದ್ರಿ. ಎದ್ದು ಹೋಗೋಕಾಗ್ಲಿಲ್ಲ. ಸಿಸ್ಟರಿಗೆ ಗೊತ್ತು. ನಿನಗೆ ಯಾವಾಗ ಹೇಳ್ಬೇಕು ಅನ್ಸುತ್ತೋ ಆಗ ಹೇಳು ಅಂದ್ರು. ಆಮೇಲೆ... ನಿಮ್ಮನ್ನ ನೋಡೋಕೆ ಬರೋ ಹಾಗಾಯ್ತು. ಬರೋಕೆ ಅಪ್ಪ ಬದುಕಿರ್ಬೇಕಿತ್ತು."

ಪುಟ್ಟಿಗೆ ಸಿಟ್ಟು ನೆತ್ತಿಗೇರಿತು. ಹೀಗೆ ಮೈ ಬಿಸಿಯಾಗಿ ಎಷ್ಟೋ ದಿನವಾಗಿತ್ತು, ಒಂಥರಾ ಹಾಯೆನಿಸಿತು. "ನಾನು ಪ್ರಾಣ ಕೈಯಲ್ಲಿ ಹಿಡ್ಕೊಂಡು ಮನೆಗೆ ಓಡ್ತಿದ್ದೆ! ನೀವು ಆರಾಮಾಗಿ ನಿಂತು ಟೀ ಕುಡೀತಿದ್ರಿ! ನಮ್ಮ ಗೋಳು ನಿಮಗೆ ಹೊತ್ತು ಕಳೆಯೋಕೆ ಕಥೆಯಾ?"

"ಬೈಯಿರಿ," ಎಂದ ಅವನು. "ಪೂರ್ತಿ ಕೇಳಿ ಬೈಯಿರಿ. ನಾನು ಬಾಗಿಲಿಗೆ ಬೀಗ ಹಾಕ್ತಿರ್ಲಿಲ್ಲ. ಅಪ್ಪ ಏನು ಕೈದೀನಾ ಅಂತ ದೊಡ್ಡ ಮಾತಾಡ್ತಿದ್ದೆ. ಒಂದು ಬೆಳಿಗ್ಗೆ ನಾನು ಶೇವ್ ಮಾಡ್ಕೊಳ್ತಿದ್ದಾಗ ಹೊರಗೆ ಹೋಗಿಬಿಟ್ರು. ಮಾರನೇ ದಿನ ಹಳೇ ಬಸ್ ಡಿಪೋ ಶೆಡ್ಡಲ್ಲಿ ಸಿಕ್ಕಿದ್ರು, ಮಳೇಲಿ ನೆಂದು. ಐದು ದಿನ ಆಸ್ಪತ್ರೇಲಿದ್ರು. ಆಮೇಲೆ ಇಲ್ಲ."

ಅವನು ಅಕ್ಕನ ಕಡೆ ನೋಡುತ್ತಾ ಮಾತಾಡಿದ, ಪುಟ್ಟಿಯ ಕಡೆಗಲ್ಲ. "ಡಾಕ್ಟರು ಹೇಳಿದಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತಾ? ಇವತ್ತು ಸಂಜೆ ಯಾರಿಗೂ ಸ್ನಾನ ಮಾಡ್ಸೋ ಹಾಗಿಲ್ಲ ಅಂತ. ಎಲ್ಲಾ ಮುಗಿಸಿ ಮನೆಗೆ ಹೋಗಿ ಹದಿನಾಲ್ಕು ಗಂಟೆ ಮಲಗಿದೆ. ಎದ್ದು ಹೊಟ್ಟೆ ತುಂಬಾ ತಿಂದೆ. ರುಚಿಯಾಗಿತ್ತು." ಅವನ ದನಿ ಅಲ್ಲೇ ಒಡೆಯಿತು. "ರುಚಿಯಾಗಿತ್ತು, ಟೈಲರಮ್ಮ. ಆವತ್ತು ನಿಮ್ಮ ಬಾಗಿಲ ಬೀಗ ನೋಡಿ ನಾನೇನು ಅಂದ್ಕೊಂಡೆ ಅಂತ ನೀವು ತಿಳ್ಕೊಂಡ್ರೋ ಗೊತ್ತಿಲ್ಲ. ನಾನು ಅಂದ್ಕೊಂಡಿದ್ದು, ನಾನೂ ಹಾಕಿದ್ದಿದ್ರೆ ಅಂತ."

ಪುಟ್ಟಿಯ ಸಿಟ್ಟು ನಿಂತ ಕಾಲಲ್ಲೇ ಇಳಿಯಿತು. ಅವನ ಕೈ ಮುಟ್ಟಬೇಕೆನಿಸಿತು. ಮುಟ್ಟಲಿಲ್ಲ. ಆ ಜಡೆಯನ್ನು ಈಗಷ್ಟೇ ಅವನಿಂದ ಕಿತ್ತುಕೊಂಡವಳು ತಾನು. ಯಾವ ಮುಖ ಇಟ್ಟುಕೊಂಡು ಸಮಾಧಾನ ಹೇಳುವುದು? ಅಕ್ಕನನ್ನು ಕುರ್ಚಿಯಿಂದ ಇಳಿಸಿ, "ಬರ್ತೀನಿ," ಎಂದಳು. ಅವನು ತಡೆಯಲಿಲ್ಲ.

ಶನಿವಾರ ಹತ್ತೂವರೆಗೆ ಬಾಗಿಲು ತಟ್ಟಿದ ಸದ್ದು. ಪ್ಯಾಂಟಿಗೆ ಜಿಪ್ ಹಾಕಿಸುವವರಿರಬೇಕೆಂದು ತೆರೆದರೆ ಅವನು. ತಲೆ ನೀಟಾಗಿ ಬಾಚಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಇಂಟರ್‌ವ್ಯೂಗೆ ಬಂದವನ ಹಾಗೆ.

"ನೀವು ಹೋಗಿ ಬನ್ನಿ," ಎಂದ. "ನಾನಿರ್ತೀನಿ."

"ಬೇಡ. ಮನೆ ಹೇಗೋ ಇದೆ, ವಾಸನೆ ಇದೆ..."

"ನಮ್ಮನೇಲೂ ಇತ್ತು." ಬಾಗಿಲ ಕೊಂಡಿಯ ಕಡೆ ಒಂದು ಸಲ ನೋಡಿದ. "ಹೊರಗಿಂದ ಬೀಗ ಹಾಕೋದು ಬೇಡ, ತೆರೆದು ಬಿಡೋದೂ ಬೇಡ. ಅದೆರಡೂ ನಾವಿಬ್ರೂ ಮಾಡಿ ನೋಡಿಯಾಯ್ತು. ಒಳಗಿಂದ ಚಿಲಕ ಹಾಕ್ಕೊಂಡು ನಾನು ಕೂತಿರ್ತೀನಿ."

ಪುಟ್ಟಿ ಒಂದಾದ ಮೇಲೊಂದು ಅವಸರವಾಗಿ ಹೇಳಿದಳು. ಬದಲಿ ಗೌನು ಇಲ್ಲಿ, ಟವೆಲ್ಲು ಅಲ್ಲಿ, ಬಿಸಿ ಏನೂ ಕೊಡಬೇಡಿ, ಎಡಗಡೆಯಿಂದ ಹೋಗಬೇಡಿ, ಬೆಚ್ಚಿಬೀಳುತ್ತಾಳೆ. "ಕಚ್ಚಿದರೂ ಕಚ್ಚಬಹುದು," ಎಂದಳು ಕೊನೆಗೆ, ತನ್ನದೇ ತಪ್ಪೆಂಬಂತೆ.

"ಯಾವ ಊರಿಗೆ ಟ್ರಂಕ್ ಕಾಲ್ ಬುಕ್ ಮಾಡ್ಲಿ ಅಂತ ಮೊದಲು ಹೇಳಿ," ಎಂದ ಅವನು. ಅವಳನ್ನು ಹೊರಗೆ ಕಳಿಸಿ ಚಿಲಕ ಹಾಕಿಕೊಂಡ.

ಆ ದಿನ ಲೈಬ್ರರಿಯ ಕೋಣೆಯಲ್ಲಿ ಪುಟ್ಟಿ ಮೊದಲನೇ ಸಲ ನಿಜ ಹೇಳಿದಳು. ಬೀಗದ ಬಗ್ಗೆ, ಉದ್ದ ತೋಳಿನ ಗೌನುಗಳ ಬಗ್ಗೆ, ಏಳು ತಿಂಗಳ ಸುಳ್ಳಿನ ಬಗ್ಗೆ. ಹೇಳುವಾಗ ನೆಲದ ಹಾಸುಗಲ್ಲನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಮುಗಿದ ಮೇಲೆ ಬ್ಯಾಂಕ್ ಅಂಕಲ್ ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಜೇಬಿಗೆ ಹಾಕಿಕೊಂಡರು. ಹಿರಿಯ ಓರಗಿತ್ತಿ ತನ್ನ ನೀರಿನ ಬಾಟಲಿಯನ್ನು ಅವಳ ಕಡೆಗೆ ಚಾಚಿದಳು.

"ಈ ವಾರದ ಥ್ಯಾಂಕ್ಸ್?" ಕೇಳಿದರು ಸಿಸ್ಟರ್, ಏನೂ ಆಗಿಲ್ಲವೆಂಬಂತೆ.

"ಈಗ ನಮ್ಮನೇಲಿ ಒಬ್ರು ಕೂತಿದಾರೆ," ಎಂದಳು ಪುಟ್ಟಿ. "ಅಷ್ಟೇ."

ಅವತ್ತು ಅವಳು ಓಡಲಿಲ್ಲ. ಟೀ ಕುಡಿದು, ನಡೆದುಕೊಂಡು ಬಂದಳು.

ಚಿಲಕ ತೆಗೆದವನನ್ನು ನೋಡಿ ಅವಳು ಹೊಸ್ತಿಲಲ್ಲೇ ನಿಂತಳು. ಬಾಚಿದ ತಲೆ ಕೆದರಿತ್ತು. ಬಿಳಿ ಅಂಗಿ ಕುತ್ತಿಗೆಯಿಂದ ಹೊಟ್ಟೆಯವರೆಗೆ ಟೀ ಬಣ್ಣಕ್ಕೆ ತಿರುಗಿತ್ತು. ಹಿಂದೆ ಕುರ್ಚಿಯಲ್ಲಿ ಅಕ್ಕ ರಾಣಿಯ ಹಾಗೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು.

"ಏನಾಯ್ತು?"

ಅವನು ಗೋಡೆಗೊರಗಿದ. ಕಣ್ಣು ಮೇಲಕ್ಕೆತ್ತಲಿಲ್ಲ. "ತಣ್ಣಗಿನ ಟೀನೇ ಕೊಟ್ಟೆ. ಮೈಮೇಲೆ ಸುರಿದ್ರು. ಪರವಾಗಿಲ್ಲ ಅಂದೆ. ಇನ್ನೊಂದು ಕೊಟ್ಟೆ. ಅದನ್ನೂ ಸುರಿದ್ರು. ಮೂರನೇ ಸಲ... ನಾನವರ ಮೇಲೆ ಕೂಗಾಡಿಬಿಟ್ಟೆ."

"ಕೂಗಾಡಿದ್ರಾ?"

"ಜೋರಾಗಿ."

"ಎಷ್ಟು ಜೋರಾಗಿ?"

"ಪಕ್ಕದ ಮನೆಯವರು ಕಿಟಕಿ ತೆಗೆದ್ರು." ಅವನ ಮುಖ ಕೆಂಪಾಗಿತ್ತು. "ನಂಬಿ ಬಿಟ್ಟು ಹೋಗಿದ್ರಿ ನೀವು. ಒಂದು ಗಂಟೇನೂ ಸರಿಯಾಗಿ ನೋಡ್ಕೊಳ್ಳೋಕೆ ಆಗ್ಲಿಲ್ಲ ನನ್ನ ಕೈಲಿ. ನಾಚಿಕೆ ಆಗ್ತಿದೆ."

ಪುಟ್ಟಿಗೆ ಮೊದಲು ಬಾಯಲ್ಲಿ ಒಂದು ಸಣ್ಣ ಸದ್ದು ಬಂತು. ಆಮೇಲೆ ನಗು. ತಡೆದುಕೊಳ್ಳಲು ಮಷಿನಿನ ಮೇಜು ಹಿಡಿದುಕೊಂಡಳು, ಆಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಅವನು ದಿಕ್ಕುತೋಚದೆ ನಿಂತಿದ್ದ. ಆ ಒದ್ದೆ ಅಂಗಿ, ಆ ತಗ್ಗಿಸಿದ ತಲೆ ನೋಡುತ್ತಾ ಪುಟ್ಟಿಗೆ ಎದೆಯೊಳಗೆ ಎಂಥದೋ ಕರಗಿ ಹರಿಯಿತು. ಕೂಗಾಡಿದ ಈ ಮನುಷ್ಯನನ್ನು ಕೆಟ್ಟವನೆನ್ನಲು ಅವಳಿಂದ ಸಾಧ್ಯವೇ ಇರಲಿಲ್ಲ. ದಣಿದವನು, ಅಷ್ಟೇ. ಇನ್ನೊಬ್ಬರಿಗಾದರೆ ಎಷ್ಟು ಸುಲಭವಾಗಿ ಅನ್ನಬಹುದು ಇದನ್ನು!

ರಿಪೇರಿಗೆ ಬಂದು ವರ್ಷವಾದರೂ ಯಾರೂ ಒಯ್ಯದ ಅಂಗಿಯೊಂದನ್ನು ಹ್ಯಾಂಗರಿನಿಂದ ತೆಗೆದುಕೊಟ್ಟಳು. ಅವನು ಒಳಗೆ ಹೋಗಿ ಹಾಕಿಕೊಂಡು ಬಂದ. ತೋಳು ಬೆರಳ ತುದಿಯನ್ನೂ ನುಂಗಿತ್ತು.

"ಇದರ ಯಜಮಾನ ಯಾರು, ಜಿರಾಫೆಯಾ?"

"ನಿಂತ್ಕೊಳ್ಳಿ." ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಅವನ ಬಲಗೈ ಹಿಡಿದು ತೋಳನ್ನು ಮಡಚತೊಡಗಿದಳು. ಸಾವಿರ ಜನರ ಕೈ ಹಿಡಿದು ಅಳತೆ ತೆಗೆದವಳು. ಇವತ್ತು ಮಾತ್ರ ಬೆರಳು ನಿಧಾನವಾಯಿತು. ಅವನ ಮಣಿಕಟ್ಟಿನ ನಾಡಿ ಅವಳ ಹೆಬ್ಬೆರಳಿಗೆ ಬಡಿಯುತ್ತಿತ್ತು.

"ಮುಂದಿನ ಶನಿವಾರ ಮತ್ತೆ ಬರಬಹುದಾ?" ಕೇಳಿದ.

ಅವಳು ಬಾಯಿಂದ ಸೂಜಿ ತೆಗೆದಳು. "ನಾನು ಒಳ್ಳೆಯವಳಲ್ಲ. ನೋಡಿದೀರಲ್ಲ."

"ನೋಡಿದೀನಿ."

"ನನ್ನ ಅರ್ಧ ಜೀವ ಈ ಕುರ್ಚೀಲಿ ಕೂತಿದೆ. ಇವಳಿರೋತನಕ ನಾನು ಎಲ್ಲಿಗೂ ಬರೋ ಹಾಗಿಲ್ಲ. ಇವಳು ಹೋದ್ಮೇಲೆ ನಾನು ಹೇಗಿರ್ತೀನೋ ನಂಗೇ ಗೊತ್ತಿಲ್ಲ."

"ಎಲ್ಲಿಗೂ ಕರೀತಿಲ್ಲ ನಾನು," ಎಂದ ಅವನು. "ಇಲ್ಲಿಗೆ ಬರ್ತೀನಿ ಅಂತಿದೀನಿ. ನಂಗೆ ನೀವಂದ್ರೆ ಇಷ್ಟ. ನಿಮ್ಮ ಕಥೆಗಳಲ್ಲ. ನೀವು." ಮಾತಿನ ರಭಸಕ್ಕೆ ಅವನ ಕೈಯೂ ಗಾಳಿಯಲ್ಲಿ ಎದ್ದಿತು.

"ಕೈ ಆಡಿಸ್ಬೇಡ, ಚುಚ್ಚುತ್ತೆ," ಎಂದಳು ಪುಟ್ಟಿ.

ಅಂದಮೇಲೆ ಇಬ್ಬರಿಗೂ ಒಟ್ಟಿಗೆ ಕೇಳಿಸಿತು. ಆಡಿಸಬೇಡಿ ಅಲ್ಲ, ಆಡಿಸಬೇಡ. ಅವಳ ಕಿವಿಯವರೆಗೂ ರಕ್ತ ಏರಿತು. ತಿದ್ದಿಕೊಳ್ಳಲು ಬಾಯಿ ತೆರೆದಳು, ತಿದ್ದಿಕೊಳ್ಳಲಿಲ್ಲ. ಅವನು ಶಾಲೆಯಲ್ಲಿ ಮೇಷ್ಟರ ಮುಂದೆ ನಿಂತವನ ಹಾಗೆ ಕೈಯನ್ನು ನೇರವಾಗಿ ಚಾಚಿ, ಉಸಿರನ್ನೂ ಬಿಗಿಹಿಡಿದು, ಒಂದಿಷ್ಟೂ ಅಲುಗಾಡದೆ ನಿಂತ.

"ಸರಿ," ಎಂದ. "ಇನ್ನೊಂದು ತೋಳು ಉಳ್ಕೊಂಡಿದೆ. ಸೂಜಿ ನಿಧಾನವಾಗಿ ಹಾಕು."